ಎಲ್ಲಿಗೆ ಅಂತ ಕೇಳಬಾರದು

ಎಲ್ಲದಕ್ಕೂ ಕಾರಣ ಅಜ್ಜಿಯ ಒಂದು ಮಾತು. ಒಳ್ಳೆಯ ಕೆಲಸಕ್ಕೆ ಹೊರಟವನು ಎಲ್ಲಿಗೆ ಹೊರಟೆ ಎಂದು ಬಾಯಿ ಬಿಟ್ಟರೆ ಆ ಕೆಲಸ ಅಂಗಳ ದಾಟುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಸಂಪ್ರೀತ್ ಇದನ್ನು ನಂಬಿರಲಿಲ್ಲ. ಕಳೆದ ವರ್ಷ ಫಾರೆಸ್ಟ್ ಗಾರ್ಡ್ ಪರೀಕ್ಷೆಗೆ ಹೋಗುವಾಗ ತನ್ನೂರು ಅರಂತೋಡಿನ ಪೇಟೆಗೆಲ್ಲ ಸಾರಿ, ಫೇಲಾಗಿ ಬಂದ ಮೇಲೆ ನಂಬಿದ. ಫೇಲಾದದ್ದು ಓದದೆ ಹೋದದ್ದಕ್ಕೆ ಎಂದು ಅಮ್ಮ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹಾಗಾಗಿ ಈ ಸಲದ ಸಂಗತಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ. ಪುತ್ತೂರಿನ ಒಂದು ಕಾಲೇಜಿನಲ್ಲಿ ಹೊಸ ಕೋರ್ಸು ಶುರುವಾಗುವುದರಲ್ಲಿತ್ತು. ಜನರನ್ನು ಗುಡ್ಡ ಹತ್ತಿಸುವುದು, ಹೊಳೆ ದಾಟಿಸುವುದು, ಹಗ್ಗ ಕಟ್ಟಿ ಬಂಡೆ ಇಳಿಸುವುದು, ಕೊನೆಗೆ ಎಲ್ಲರನ್ನೂ ಕೈಕಾಲು ಸಮೇತ ಮನೆಗೆ ಮುಟ್ಟಿಸುವುದು. ಸಾಹಸ ಗೈಡ್ ಡಿಪ್ಲೊಮಾ, ಒಂದು ವರ್ಷದ್ದು. ಅರ್ಜಿಯನ್ನು ಮೊಬೈಲಿನಲ್ಲೇ ಹಾಕಿದ್ದ. ಉಳಿದದ್ದು ಒಂದೇ ಸೀಟು. ಇವತ್ತು ಮಧ್ಯಾಹ್ನ ಅದಕ್ಕೆ ಇಂಟರ್‌ವ್ಯೂ. ಅದು ಸಿಗದಿದ್ದರೆ ಸೋಮವಾರದಿಂದ ವೆಂಕಟ್ರಮಣ ದೊಡ್ಡಪ್ಪನ ಪೈಪಿನ ಅಂಗಡಿಯಲ್ಲಿ ಕೂರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಂಪ್ರೀತನನ್ನು ಪಿವಿಸಿ ಪೈಪುಗಳ ನಡುವೆ ಸ್ಟೂಲಿನಲ್ಲಿ ಕೂರಿಸುವುದೆಂದರೆ ಮಂಗನಿಗೆ ಪಂಚಾಯತ್ ಆಫೀಸಿನಲ್ಲಿ ಕುರ್ಚಿ ಕೊಟ್ಟ ಹಾಗೆ.

ಸುಳ್ಯದಲ್ಲಿ ಸ್ನೇಹಿತನನ್ನು ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ, ಬೆನ್ನಿಗೆ ದೊಡ್ಡ ಬ್ಯಾಗು ಏರಿಸಿ, ಕೆಂಪು ಲೇಸಿನ ಶೂ ಹಾಕಿ ಬಸ್‌ಸ್ಟಾಪಿಗೆ ಬಂದ. ಅಲ್ಲಿ ಪಕ್ಕದ ಮನೆಯ ಸೀತಕ್ಕ ನಿಂತಿದ್ದರು. ಹಾಲಿನ ಡಿಪೊಗೆ ಹಾಲು ಹಾಕಿ ಬಂದ ಮೇಲೆ ಬಸ್‌ಸ್ಟಾಪಿನಲ್ಲಿ ನಿಂತು ಯಾರ್ಯಾರು ಊರು ಬಿಡುತ್ತಾರೆ ಎಂದು ನೋಡದೆ ಅವರು ಮನೆಗೆ ಹೋಗುವವರಲ್ಲ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದೆಂಬುದು ಅವರಿಗೂ ಗೊತ್ತಿತ್ತು. ಅದಕ್ಕೇ ಮರ್ಯಾದೆಯಿಂದ ಕೇಳಿದರು.

"ದೂರವಾ ಮಗಾ?"

"ಇಲ್ಲೇ, ಪುತ್ತೂರಿಗೆ." ಊರಿನ ಹೆಸರು ಬಾಯಿ ತಪ್ಪಿ ಬಂತು.

"ಎಂತ ವಿಶೇಷ?"

ಸಂಪ್ರೀತ್ ಕಾರಣ ಹುಡುಕಿದ. ನಮ್ಮ ಕಡೆಯವರು ಪುತ್ತೂರಿಗೆ ಹೋಗುವುದು ಒಂದೋ ಅಡಿಕೆ ಮಾರಲು, ಇಲ್ಲವೇ ಆಸ್ಪತ್ರೆಗೆ. ಕೈಯಲ್ಲಿ ಅಡಿಕೆ ಇರಲಿಲ್ಲ.

"ಆಸ್ಪತ್ರೆಗೆ. ದೊಡ್ಡಪ್ಪನನ್ನು ರಾತ್ರಿ ಅಡ್ಮಿಟ್ ಮಾಡಿದ್ದು. ಎದೆನೋವು."

ದೊಡ್ಡಪ್ಪನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅವರು ಬೆಳಿಗ್ಗೆಯೇ ಕಡಬದಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಿದ್ದರು. ಸಂಜೆಯವರೆಗೆ ಬಂದು ಬಣ್ಣ ಬಯಲು ಮಾಡುವ ಭಯವಿಲ್ಲ.

ಸೀತಕ್ಕನ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಬ್ಯಾಗಿನ ಹೊರಗೆ ನೇತಾಡುವ ಹಗ್ಗವನ್ನೂ ನೋಡಿದರು.

"ಆಸ್ಪತ್ರೆಗೆ ಹಗ್ಗ ಎಂತಕ್ಕೆ?"

"ಅಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಬೇಕಲ್ಲ?"

ಇಷ್ಟು ಚೆಂದದ ಸುಳ್ಳು ತನ್ನ ಬಾಯಿಂದಲೇ ಬಂತಾ ಎಂದು ಅವನಿಗೆ ಹೆಮ್ಮೆಯಾಯಿತು. ಹೆಮ್ಮೆ ಮುಗಿಯುವುದರೊಳಗೆ ಸೀತಕ್ಕ ಹಾಲಿನ ಕ್ಯಾನನ್ನು ತೀರ್ಥರಾಮಣ್ಣನ ಅಂಗಡಿಯಲ್ಲಿಟ್ಟು ಮುಸುಂಬಿ ತೂಗಿಸುತ್ತಿದ್ದರು. ನೆರೆಮನೆಯವರು ಆಸ್ಪತ್ರೆಯಲ್ಲಿರುವಾಗ ನೋಡದೆ ಕೂತರೆ ಮುಂದೆ ನಮ್ಮನ್ನು ನೋಡಲು ಯಾರು ಬರುತ್ತಾರೆ ಎಂಬುದು ಅವರ ವಾದ. ತೀರ್ಥರಾಮಣ್ಣ ಮುಸುಂಬಿ ಕಟ್ಟಿಕೊಟ್ಟು, ಒಂದು ಬ್ರೆಡ್ ಪ್ಯಾಕೆಟ್ ತಾನೇ ತೆಗೆದುಕೊಂಡು, ಅಂಗಡಿಯ ಶಟರ್ ಎಳೆದು ಬಂದರು. ತನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ವೆಂಕಟ್ರಮಣಣ್ಣ ನಿದ್ದೆಗೆಟ್ಟು ಕೂತದ್ದನ್ನು ಮರೆತರೆ ತಾನು ಮನುಷ್ಯನೇ ಅಲ್ಲವಂತೆ. ಇಬ್ಬರೂ ಸಂಪ್ರೀತನಿಗಿಂತ ಮೊದಲೇ ಬಸ್ಸು ಹತ್ತಿದರು.

ಸುಳ್ಯದಲ್ಲಿ ಪಂಪ್ ರಿಪೇರಿಯ ಹಾರಿಸ್ ಹಾರ್ಲಿಕ್ಸ್ ಬಾಟ್ಲಿ ಹಿಡಿದು ಬಸ್ಸಿಗೆ ಕಾಯುತ್ತಿದ್ದ. ದೊಡ್ಡಪ್ಪನ ಅಂಗಡಿಯ ಕೆಲಸವೆಲ್ಲ ಮಾಡುವವನು ಅವನೇ. ಅವನಿಗೆ ಹೇಗೆ ಗೊತ್ತಾಯಿತು ಎಂದು ಸಂಪ್ರೀತ್ ಕೇಳಲಿಲ್ಲ; ಸೀತಕ್ಕ ಬಸ್ಸಿನಲ್ಲಿ ಕೂತಾಗಿನಿಂದ ಫೋನು ಕಿವಿಯಿಂದ ಇಳಿದಿರಲಿಲ್ಲ. ದೊಡ್ಡಪ್ಪನಿಗೆ ಮಾತ್ರ ಯಾರೂ ಫೋನು ಮಾಡಲಿಲ್ಲ. ಎದೆನೋವಿನವರಿಗೆ ಫೋನು ಮಾಡಿ ಹೇಗಿದ್ದೀರಿ ಎಂದು ಕೇಳುವಷ್ಟು ಬುದ್ಧಿಗೇಡಿಗಳು ನಮ್ಮಲ್ಲಿ ಯಾರೂ ಇಲ್ಲ.

ಜಾಲ್ಸೂರು ದಾಟುವಾಗ ಸೀತಕ್ಕನ ಫೋನಿನಲ್ಲಿ ದೊಡ್ಡಪ್ಪನ ಎದೆಗೆ ಒಂದು ಸ್ಟೆಂಟ್ ಬಿದ್ದಿತ್ತು. ಕುಂಬ್ರ ಬರುವಷ್ಟರಲ್ಲಿ ಎರಡಾಗಿತ್ತು. ಸಂಪ್ರೀತ್ ಕಿಟಕಿಯ ಹೊರಗೆ ನೋಡುತ್ತ ಗಟ್ಟಿ ಮನಸ್ಸು ಮಾಡಿದ: ಈ ಮೂವರೇ ನನ್ನ ಮೊದಲ ಬಂಡೆ, ಹತ್ತಿ ಇಳಿದೇ ಸಿದ್ಧ.

ಪುತ್ತೂರಿನಲ್ಲಿ ಮೂವರನ್ನೂ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಿಸೆಪ್ಶನ್ ಎದುರಿನ ಬೆಂಚಿನಲ್ಲಿ ಕೂರಿಸಿ, ರೂಮು ಯಾವುದೆಂದು ಕೇಳಿ ಬರುತ್ತೇನೆ ಎಂದು ಒಳಗೆ ಹೋದ. ಒಳಗಿನಿಂದ ಹಿತ್ತಲಿಗೆ. ಹಿಂದಿನ ಗೇಟಿಗೆ ಬೀಗ. ಸಂಪ್ರೀತನಿಗೆ ಇದೇ ಪ್ರಾಕ್ಟಿಕಲ್ ಎನಿಸಿತು. ಕಂಪೌಂಡು ಹತ್ತಿ ಹಾರಿದ. ಅವನು ಪೂರ್ತಿ ಆಚೆಗೆ ಬಂದ. ಪ್ಯಾಂಟಿನ ಸ್ವಲ್ಪ ಭಾಗ ಗೋಡೆಯ ಮೇಲಿನ ಕಂಬಿಯಲ್ಲೇ ಉಳಿಯಿತು. ಬ್ಯಾಗನ್ನು ಸ್ವಲ್ಪ ಕೆಳಗೆ ಇಳಿಸಿ ಹರಿದದ್ದನ್ನು ಮುಚ್ಚಿಕೊಂಡು ಕಾಲೇಜಿಗೆ ಓಡಿದ. ಫೋನು ಜೇಬಿನಲ್ಲಿ ಕುಣಿಯತೊಡಗಿದಾಗ ಸ್ವಿಚ್ ಆಫ್ ಮಾಡಿದ.

ಇಂಟರ್‌ವ್ಯೂ ಮಾಡುವವರು ಮುರಳಿಕೃಷ್ಣ ಸರ್. ಬಿಸಿಲಲ್ಲಿ ಒಣಗಿ ಗಟ್ಟಿಯಾದ, ತೆಂಗಿನ ಗರಿಯ ಬುಡದ ಕೊತ್ತಳಿಗೆಯಂಥ ಮನುಷ್ಯ. ಹಗ್ಗ ಕೊಟ್ಟು ಗಂಟು ಹಾಕಿ ಎಂದರು. ಸಂಪ್ರೀತ್ ಕಣ್ಣು ಮುಚ್ಚಿ ಹಾಕಿದ. ಕಾಲು ಉಳುಕಿದವನನ್ನು ಹೇಗೆ ಹೊರುತ್ತೀರಿ ಎಂದರು. ಅಲ್ಲೇ ಇದ್ದ ಪ್ಯೂನನ್ನು ಬೆನ್ನಿಗೇರಿಸಿ ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದ. ಪ್ಯೂನಿಗೆ ಇಳಿಯಲು ಮನಸ್ಸಿರಲಿಲ್ಲ. ಮುರಳಿಕೃಷ್ಣ ಸರ್ ಮೊದಲ ಬಾರಿ ನಕ್ಕು, ಪೆನ್ನಿನ ಕ್ಯಾಪು ತೆಗೆದರು. ಸೀಟು ಪೆನ್ನಿನ ತುದಿಯಲ್ಲಿ ನಿಂತಿತ್ತು.

"ಕೊನೆಯ ಪ್ರಶ್ನೆ. ನೀವು ಇವತ್ತು ಇಲ್ಲಿಗೆ ಬಂದದ್ದು ಯಾರಿಗೆಲ್ಲ ಗೊತ್ತುಂಟು?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಅವನಿಗೆ ಬೇಕಿರಲಿಲ್ಲ. ಎದೆಯುಬ್ಬಿಸಿ ಹೇಳಿದ.

"ಒಂದು ನರಪಿಳ್ಳೆಗೂ ಗೊತ್ತಿಲ್ಲ ಸರ್. ಮನೆಯಲ್ಲಿ ಒಂದು ಹೇಳಿದೆ, ದಾರಿಯಲ್ಲಿ ಒಂದು ಹೇಳಿದೆ. ಹಿಂದೆ ಬಿದ್ದವರನ್ನೂ ತಪ್ಪಿಸಿ ಬಂದೆ. ಫೋನ್ ಸಹ ಆಫ್."

ಮುರಳಿಕೃಷ್ಣ ಸರ್ ಪೆನ್ನಿಗೆ ಕ್ಯಾಪು ಹಾಕಿದರು.

"ನೋಡಿ, ಗಂಟು ಹಾಕ್ಲಿಕ್ಕೆ ನಾನು ಕಲಿಸಬಹುದು. ಕಾಡಿಗೆ ಹೋಗುವವನಿಗೆ ಮೊದಲನೇ ಪಾಠ ಎಂತದು ಗೊತ್ತುಂಟಾ? ಎಲ್ಲಿಗೆ ಹೋಗುದು, ಯಾವಾಗ ಬರುದು ಅಂತ ಊರಿನಲ್ಲಿ ಹೇಳಿ ಹೊರಡುದು. ಹೇಳದೆ ಹೋದವನನ್ನು ಎಲ್ಲಿ ಅಂತ ಹುಡುಕುದು ಮಾರಾಯ್ರೆ?"

ಅದಕ್ಕೆ ಉತ್ತರ ಬಾಗಿಲಿನಿಂದ ಬಂತು. ಮುಸುಂಬಿ, ಬ್ರೆಡ್, ಹಾರ್ಲಿಕ್ಸ್ ಹಿಡಿದ ಮೂವರು ಕಾಲೇಜಿನ ವಾಚ್‌ಮನ್ ಜೊತೆ ನಿಂತಿದ್ದರು. ಹುಡುಗ ಬರಲಿಲ್ಲ, ಫೋನೂ ಎತ್ತಲಿಲ್ಲ. ಆ ಹೆಸರಿನ ರೋಗಿಯೇ ಇಲ್ಲ ಎಂದು ರಿಸೆಪ್ಶನ್‌ನವರು ಹೇಳಿದಾಗ, ದುಃಖದಲ್ಲಿ ಹುಡುಗನಿಗೆ ತಲೆ ಕೆಟ್ಟಿದೆ ಎಂದು ಸೀತಕ್ಕ ಹೆದರಿದ್ದರು. ಕೈಯಲ್ಲಿ ಹಗ್ಗ ಬೇರೆ ಇತ್ತಲ್ಲ. ಆಸ್ಪತ್ರೆಯ ಹಿತ್ತಲಿನ ಕಂಬಿಯಲ್ಲಿ ಪ್ಯಾಂಟಿನ ತುಂಡು ಕಂಡದ್ದು ಹಾರಿಸನಿಗೆ. ಅಲ್ಲಿಂದ ಆಚೆ ಕೆಂಪು ಲೇಸಿನ ಶೂ, ಹರಿದ ಪ್ಯಾಂಟು ಎಂದರೆ ಸಾಕಿತ್ತು, ದಾರಿಯ ಅಂಗಡಿಯವರೆಲ್ಲ ನಗುತ್ತ ಕೈ ತೋರಿಸಿದರಂತೆ.

ಸೀತಕ್ಕ ಅವನ ತಲೆ, ಕುತ್ತಿಗೆ ಮುಟ್ಟಿ ನೋಡಿದರು.

"ದೊಡ್ಡಪ್ಪ ಎಲ್ಲಿ ಮಗಾ?"

ಸಂಪ್ರೀತ್ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಅಜ್ಜಿಯ ಮಾತಿನಿಂದ ಹಿಡಿದು ಕಂಪೌಂಡಿನವರೆಗೆ. ತೀರ್ಥರಾಮಣ್ಣ ಕೈಯಲ್ಲಿದ್ದ ಬ್ರೆಡ್ಡನ್ನು ನೋಡಿದರು, ಅವನನ್ನು ನೋಡಿದರು, ಒಂದು ಕುರ್ಚಿಯಲ್ಲಿ ಕೂತರು. ಸೀತಕ್ಕನಿಗೆ ಮಾತ್ರ ಕೋಪಕ್ಕಿಂತ ಸೀಟಿನ ಚಿಂತೆ ಹೆಚ್ಚಾಯಿತು. ಮುರಳಿಕೃಷ್ಣ ಸರ್ ಎದುರು ಮುಸುಂಬಿ ಇಟ್ಟು ಶಿಫಾರಸು ಮಾಡಿದರು.

"ನೀವು ಹಾಗೆ ಮಾಡ್ಬೇಡಿ ಸರ್. ಚಿಕ್ಕಂದಿನಿಂದ ನೋಡಿದ ಹುಡುಗ. ಸುಳ್ಳು ಹೇಳುದೇ ಗೊತ್ತಿಲ್ಲ ಅವನಿಗೆ."

ಸರ್ ಮುಸುಂಬಿಯನ್ನು ಹಿಂದೆ ಕೊಟ್ಟರು. ಮುಂದಿನ ವರ್ಷ ಬನ್ನಿ, ಬರುವಾಗ ಊರಿಗೆಲ್ಲ ಹೇಳಿ ಬನ್ನಿ ಎಂದು ಸಂಪ್ರೀತನ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಕೈ ಹಾಗೇ ಬಾಗಿಲಿನವರೆಗೆ ದೂಡಿತು.

ವಾಪಸ್ ಬಸ್ಸಿನಲ್ಲಿ ನಾಲ್ವರೂ ಮುಸುಂಬಿ ಸುಲಿದು ತಿಂದರು. ಸಂಪ್ರೀತನ ಪಾಲಿಗೆ ಬಂದದ್ದೆಲ್ಲ ಹುಳಿ. ಆದರೂ ಛಲ ಹೋಗಿರಲಿಲ್ಲ. ಮುಂದಿನ ವರ್ಷ ಆ ಸೀಟು ತನ್ನದೇ. ಇನ್ನು ಎಲ್ಲಿಗೆ ಹೊರಟರೂ ಜಾಗ, ಹೊತ್ತು ಎರಡನ್ನೂ ಹೇಳಿಯೇ ಹೊರಡುವುದು ಎಂದು ಶಪಥ ಮಾಡಿದ. ಅಜ್ಜಿಯ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಅರಂತೋಡಿನ ಸ್ಟಾಪಿನಲ್ಲಿ ಜನ ಸೇರಿತ್ತು. ಸೀತಕ್ಕನ ಬೆಳಗಿನ ಫೋನುಗಳು ಬಸ್ಸಿಗಿಂತ ವೇಗವಾಗಿ ಕಡಬ ಮುಟ್ಟಿದ್ದವು. ಗೃಹಪ್ರವೇಶದ ಪಂಕ್ತಿಯಲ್ಲಿ ದೊಡ್ಡಪ್ಪ ಹೋಳಿಗೆಗೆ ಕೈ ಹಾಕುವ ಹೊತ್ತಿಗೇ ಮನೆಯ ಯಜಮಾನರು ಓಡಿ ಬಂದು, ಎರಡು ಸ್ಟೆಂಟ್ ಇರುವವರು ಹೀಗೆಲ್ಲ ತಿನ್ನಬಾರದೆಂದು ಎಲೆ ಎಳೆದು ಗಂಜಿ ಕೊಟ್ಟಿದ್ದರು. ಆ ಗಂಜಿ ಕುಡಿದು ಬಂದ ದೊಡ್ಡಪ್ಪ ಈಗ ಜನರ ಮುಂದೆ, ಅಂಗಡಿಯಿಂದ ತಂದ ಒಂದು ಗೇಣುದ್ದದ ಪೈಪ್ ಹಿಡಿದು, ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದರು.

ಸಂಪ್ರೀತ್ ಹಿಂದಿನ ಬಾಗಿಲಿನಿಂದ ಹಾರಿದ. ರಸ್ತೆ ದಾಟಿ ಗುಡ್ಡದ ಕಾಲುದಾರಿಗೆ ಕಾಲಿಟ್ಟಾಗ ಶಪಥ ನೆನಪಾಯಿತು. ನಿಂತ. ತಿರುಗಿ ಕೈ ಬಾಯಿಗೆ ಹಿಡಿದು ಕೂಗಿದ.

"ಸೀತಕ್ಕಾ, ನಾನು ಮೇಲಿನ ಗುಡ್ಡಕ್ಕೆ ಹೋಗುದು. ದೊಡ್ಡ ಕಲ್ಲಿನ ಹಿಂದೆ ಇರ್ತೇನೆ. ಕತ್ತಲಾದ ಮೇಲೆ ಬರ್ತೇನೆ."

ಸೀತಕ್ಕ ಕೇಳಿಸಿಕೊಂಡರು. ದೊಡ್ಡಪ್ಪನೂ ಕೇಳಿಸಿಕೊಂಡರು. ಹುಡುಕುವ ಕಷ್ಟವೇ ಇಲ್ಲದ್ದರಿಂದ, ಪಂಚೆ ಎತ್ತಿ ಕಟ್ಟಿ, ಅವಸರವಿಲ್ಲದೆ ಗುಡ್ಡ ಹತ್ತತೊಡಗಿದರು.