ಮೊಮ್ಮಗಳನ್ನು ಮಧ್ಯಾಹ್ನದ ಊಟಕ್ಕೆ ಕರೆತಂದ ಪ್ರಸಂಗ

ತಣ್ಣಗಾದ ರೊಟ್ಟಿ ರೊಟ್ಟಿಯೇ ಅಲ್ಲ. ಇದು ನನ್ನ ಸಿದ್ಧಾಂತ! ಗಡಿಯಾಚೆಯ ಗಡಹಿಂಗ್ಲಜದ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತ ತಲೆ ನರೆತಿರುವ ನಾನು ಬೆಲ್ಲದ ದರದ ವಿಷಯದಲ್ಲಿ ಎಷ್ಟೋ ಸಲ ಮಾತು ಬದಲಿಸಿದ್ದೇನೆ. ರೊಟ್ಟಿಯ ವಿಷಯದಲ್ಲಿ ಒಮ್ಮೆಯೂ ಇಲ್ಲ. ಮಧ್ಯಾಹ್ನ ಒಂದಾಯಿತೆಂದರೆ ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಹೊರಡುತ್ತೇನೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ನೇರ ನನ್ನ ತಾಟಿಗೆ ಬೀಳಬೇಕು. ನಡುವೆ ಬುಟ್ಟಿಯಲ್ಲಿ ವಿಶ್ರಾಂತಿ ತೆಗೆದುಕೊಂಡ ರೊಟ್ಟಿಯನ್ನು ನಾನು ಮುಟ್ಟುವುದಿಲ್ಲ.

ಇಂಥ ಶಿಸ್ತಿನ ಮನೆಯಲ್ಲೇ ಒಂದು ಸಂಜೆ ಘೋರ ದೃಶ್ಯವನ್ನು ಕಂಡೆ. ನಾಲ್ಕನೇ ಇಯತ್ತೆಯಲ್ಲಿ ಓದುವ ಮೊಮ್ಮಗಳು ಆರೋಹಿ ಶಾಲೆಯಿಂದ ಬಂದು ಡಬ್ಬಿಯನ್ನು ಪಾತ್ರೆ ತೊಳೆಯುವ ಮೋರಿಯ ಹತ್ತಿರ ಇಟ್ಟಿದ್ದಳು. ಮುಚ್ಚಳ ತೆಗೆದು ನೋಡಿದೆ. ಅರ್ಧ ಚಪಾತಿ, ಮುಕ್ಕಾಲು ಪಾಲು ಪಲ್ಯ ಹಾಗೇ ಕುಳಿತು ನನ್ನನ್ನೇ ನೋಡುತ್ತಿದ್ದವು!

"ಯಾಕವ್ವಾ ಆರೂ, ಉಂಡೇ ಇಲ್ಲಲ್ಲ?"

"ಟೈಮ್ ಪುರಲಿಲ್ಲ ಅಜ್ಜಾ."

ಟೈಮ್ ಪುರಲಿಲ್ಲ! ಉಣ್ಣಲು ಸಮಯ ಸಾಲಲಿಲ್ಲವಂತೆ! ನನ್ನೊಳಗಿನ ಇತಿಹಾಸಕಾರ ಎದ್ದು ಕುಳಿತ. ನಾವು ಇವಳ ಮರಾಠಿ ಶಾಲೆಯ ಪಕ್ಕದ ಕನ್ನಡ ಶಾಲೆಗೆ ಹೋಗುತ್ತಿದ್ದಾಗ ಈ ಡಬ್ಬಿ ಎಂಬ ವಸ್ತುವೇ ಇರಲಿಲ್ಲ. ಮಧ್ಯಾಹ್ನ ಗಂಟೆ ಬಾರಿಸಿದ ಸಿಪಾಯಿ ಕೈ ಕೆಳಗಿಳಿಸುವಷ್ಟರಲ್ಲಿ ಶಾಲೆ ಖಾಲಿ. ಗಾಣದ ಓಣಿಯಲ್ಲಿ ಹಾದು ಮನೆಗೆ ಓಟ. ಬಿಸಿ ರೊಟ್ಟಿ, ಜುಣಕ, ಗಡಿಗೆಯ ಮೊಸರು. ಉಂಡು, ಬಾಯಿ ಒರೆಸಿಕೊಂಡು, ವಾಪಸ್ ಓಡಿ, ಗಂಟೆಯಾಗುವ ಮೊದಲು ಒಂದಾಟ ಚಿಣ್ಣಿದಾಂಡು! ಅವ್ವ ಹೊಲಕ್ಕೆ ಹೋಗಿದ್ದರೆ ಯಾರ ಮನೆಯ ಒಲೆ ಹೊಗೆಯಾಡುತ್ತಿತ್ತೋ ಆ ಮನೆಯಲ್ಲಿ ಊಟ. ಈಗ ನೋಡಿ, ಮನೆ ಹತ್ತಿರದಲ್ಲಿದ್ದರೂ ಮಕ್ಕಳು ಬೆಳಿಗ್ಗೆ ಏಳಕ್ಕೆ ಮಾಡಿದ್ದನ್ನು ಮಧ್ಯಾಹ್ನ ಒಂದಕ್ಕೆ ಮೂಸಿ ನೋಡುತ್ತವೆ. ಇದನ್ನೆಲ್ಲ ನಾನು ಮನೆಯವರಿಗೆ ವಿಸ್ತಾರವಾಗಿ ಹೇಳಿದೆ. ಎರಡನೇ ಸಲ ಹೇಳುವಾಗ ಘೋಷಿಸಿಯೂ ಬಿಟ್ಟೆ.

"ನಾಳೆ ಆರೂನ ನಾನ ಊಟಕ್ಕ ಮನಿಗೆ ಕರಕೊಂಡ ಬರ್ತೀನಿ!"

ಸಹಕಾರಿ ಪತಸಂಸ್ಥೆಯಲ್ಲಿ ನೌಕರಿ ಮಾಡುವ ಸೊಸೆ, ಆರೂನ ತಾಯಿ ಸ್ನೇಹಾ ಗಾಬರಿಯಾದಳು. "ಮಾವಾರ, ನಾಳೆ ಒಂದ ಬ್ಯಾಡ್ರಿ. ಊಟದ ಸುಟ್ಟಿ ಮುಗದ ಕೂಡ್ಲೆ ಲೇಝಿಮ್ ಸಿಲೆಕ್ಷನ್ ಐತಿ. ತಡಾ ಆದವರನ್ನ ಮ್ಯಾಡಮ್ ತಗೋಳಂಗಿಲ್ಲ."

ಲೇಝಿಮಿನ ಸಂಗತಿ ನನಗೂ ಗೊತ್ತಿತ್ತು. ತಿಂಗಳಿನಿಂದ ಹುಡುಗಿ ಅಂಗಳದಲ್ಲಿ ಝಲ್ ಝಲ್ ಎಂದು ತಾಳ ಕಟ್ಟಿದ ಆ ಬಿಲ್ಲನ್ನು ಆಡಿಸುತ್ತ ಹೆಜ್ಜೆ ಹಾಕಿದ್ದೇ ಹಾಕಿದ್ದು. ಪಕ್ಕದ ಮನೆಯ ಎಮ್ಮೆ ಕೂಡ ತಾಳ ತಪ್ಪದೆ ಮೆಲುಕು ಹಾಕುವುದನ್ನು ಕಲಿತಿತ್ತು! ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮೊದಲ ಸಾಲಿನಲ್ಲಿ ನಿಲ್ಲಬೇಕೆಂಬುದು ಅವಳ ಜೀವದ ಆಸೆ.

"ಅಜ್ಜಾ, ತಡಾ ಆಗಂಗಿಲ್ಲ ಹೌದಲ್ಲ?" ಎಂದು ನನ್ನ ಅಂಗಿ ಹಿಡಿದು ಕೇಳಿದಳು.

"ತಡಾ? ನಾನಾ? ಆ ದಾರಿ ಕಣ್ಣ ಮುಚ್ಚಿ ಓಡಿದಾಂವ ಅದೇನಿ! ಗಂಟಿ ಆಗೂದ್ರಾಗ ನಿನ್ನ ಮೊದಲ ಸಾಲಿನ್ಯಾಗ ನಿಂದ್ರಸತೇನಿ. ಇದು ನನ್ನ ಮಾತು!"

ಮೂಲೆಯಲ್ಲಿ ನನ್ನ ಹೆಂಡತಿ ಶಾರದಾ ಹಸಿರು ಇಳಕಲ್ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. "ರೀ, ನಾಳೆ ಮಧ್ಯಾಹ್ನ ಕೋವಾಡದವ್ರದು..." ಎಂದು ಶುರು ಮಾಡಿದಳು.

"ಕೋವಾಡ ಇರ್ಲಿ, ಕೊಲ್ಹಾಪುರ ಇರ್ಲಿ, ನಾಡಿದ್ದ ನೋಡೂಣು! ನಾಳೆ ಒಂದಕ್ಕ ಹಂಚ ಕಾದಿರಬೇಕ. ನಾವು ಬಂದ ಕುಂತ ಕೂಡ್ಲೆ ರೊಟ್ಟಿ ಬೀಳಬೇಕ."

ಅವಳು ನನ್ನನ್ನೊಮ್ಮೆ, ಸೀರೆಯನ್ನೊಮ್ಮೆ ನೋಡಿದಳು. "ಆತ ಬಿಡ್ರಿ" ಎಂದು ಸೀರೆ ಮಡಚಿ ಟ್ರಂಕಿನಲ್ಲಿಟ್ಟಳು. ಶಾರದಾ 'ಆತ ಬಿಡ್ರಿ' ಎಂದರೆ ಜಾಣರು ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಾನು ಮುಂದೆ ಹೋದೆ.

ಮರುದಿನ ಸುಟ್ಟಿಯ ಗಂಟೆಗೆ ಮೊದಲೇ ಶಾಲೆಯ ಗೇಟಿನಲ್ಲಿ ಹಾಜರಾದೆ. ವಾಚ್‌ಮನ್ ಕೈ ಅಡ್ಡ ಹಿಡಿದು, ಪಾಸ್ ಎಲ್ಲಿ ಅಜ್ಜಾ ಎಂದು ಮರಾಠಿಯಲ್ಲಿ ಕೇಳಿದ. "ಪಾಸ್ ಕುಠೆ ಆಹೆ, ಆಜೋಬಾ?"

ಸ್ವಂತ ಮೊಮ್ಮಗಳನ್ನು ಊಟಕ್ಕೆ ಕರೆಯಲು ಪಾಸು! ನಮ್ಮ ಕಾಲದಲ್ಲಿ ಈ ಶಾಲೆಗಳಿಗೆ ಗೇಟೇ ಇರಲಿಲ್ಲವೆಂದು ಅವನಿಗೆ ತಿಳಿಸಿದೆ. ಅವನಿಗೆ ಇತಿಹಾಸದಲ್ಲಿ ಆಸಕ್ತಿ ಇರಲಿಲ್ಲ. ಅಷ್ಟರಲ್ಲಿ ಲೇಝಿಮ್ ಕಲಿಸುವ ಮ್ಯಾಡಮ್ಮೇ ಬಂದರು. ನಮ್ಮ ಅಂಗಡಿಯ ಗಿರಾಕಿ, ಪರಿಚಯದವರು. "ಹೋಗಿ ಬರ್ರಿ ಅಜ್ಜಾರ. ಆದ್ರ ಒಂದೂ ಮುಕ್ಕಾಲಕ್ಕ ಸಿಲೆಕ್ಷನ್. ನಾ ಯಾರನ್ನೂ ಕಾಯಂಗಿಲ್ಲ" ಎಂದರು.

"ಮುಕ್ಕಾಲ ಯಾಕ್ರಿ, ಒಂದೂವರಿಗೇ ತಂದ ಬಿಡ್ತೀನಿ!"

ಹೊರಗೆ ಬಂದ ಆರೋಹಿ ಅತ್ತಿತ್ತ ನೋಡಿದಳು. "ಅಜ್ಜಾ, ಸ್ಕೂಟರ್ ಎಲ್ಲೈತಿ?"

ಸ್ಕೂಟರನ್ನು ನಾನು ಬೇಕೆಂದೇ ಅಂಗಡಿಯ ಮುಂದೆ ಬಿಟ್ಟಿದ್ದೆ. ಸಂಪ್ರದಾಯವನ್ನು ಉದ್ಧಾರ ಮಾಡುವಾಗ ಪೆಟ್ರೋಲು ಸುಡಬಾರದು. "ಗಾಣದ ಓಣಿಯಾಗ ನಡದ ಹೋಗೂಣು ಬಾ. ಸ್ಕೂಟರಕ್ಕಿಂತ ಜಲ್ದಿ" ಎಂದು ಕೈ ಹಿಡಿದು ಹೊರಟೆ.

ಓಣಿ ಇತ್ತು. ನಡುವೆ ನಿಂತ ಹುಣಸೆಮರವೂ ಇತ್ತು. "ಇಲ್ಲೇ ನಾ ಒಮ್ಮೆ ಬಿದ್ದಿದ್ದೆ" ಎಂದು ಜಾಗ ತೋರಿಸಿದೆ. ತಿರುವಿನಲ್ಲಿ ಮಾತ್ರ ಓಣಿ ಮುಗಿದುಹೋಗಿತ್ತು. ಎದುರಿಗೆ ಎತ್ತರದ ಗೋಡೆ, ಗೋಡೆಯಲ್ಲೊಂದು ಕಬ್ಬಿಣದ ಬಾಗಿಲು, ಒಳಗಿನಿಂದ ಹೊಗೆ ಮತ್ತು ಮಸಾಲೆ ಅನ್ನದ ವಾಸನೆ. ಇಣುಕಿ ನೋಡಿದೆ. ಮಂಗಲ ಕಾರ್ಯಾಲಯ! ಮುಖ್ಯ ರಸ್ತೆಯ ಕಡೆಯಿಂದ ಅದರೊಳಗೆ ಹೋಗಿ ನಾನು ಎಷ್ಟೋ ಮದುವೆ ಉಂಡಿದ್ದೇನೆ. ಅದರ ಬೆನ್ನು ಯಾವುದರ ಮೇಲೆ ಕುಳಿತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಬಾಲ್ಯದ ದಾರಿಯ ಮೇಲೆ ಕುಳಿತಿತ್ತು!

"ಹಿಂದಕ್ಕ ಹೋಗೂಣ ಅಜ್ಜಾ" ಎಂದಳು ಆರೋಹಿ.

ಹಿಂದಕ್ಕೆ? ನಾನಾ? "ಈ ಬಾಗಲಿಂದ ಹೊಕ್ಕ ಆ ಬಾಗಲಿಂದ ಹೊರಗ ಬಿದ್ರ ನಮ್ಮನಿ ದಾರಿ ಬಂತ. ಬಾ!"

ಅಡುಗೆಯವರ ನಡುವೆ ದಾರಿ ಮಾಡಿಕೊಂಡು ಸಭಾಂಗಣ ಹೊಕ್ಕೆವು. ಹೊಕ್ಕ ಕೂಡಲೇ ಯಾರೋ ನನ್ನ ಕೈಯಲ್ಲೊಂದು ಹಿಡಿ, ಹುಡುಗಿಯ ಕೈಯಲ್ಲೊಂದು ಹಿಡಿ ಅಕ್ಷತೆ ಸುರಿದರು. ಅದೇ ಕ್ಷಣಕ್ಕೆ ಮಂಗಲಾಷ್ಟಕ ಶುರುವಾಯಿತು. ಕೈಯಲ್ಲಿ ಅಕ್ಷತೆ ಹಿಡಿದು ಮಂಗಲಾಷ್ಟಕದ ನಡುವೆ ಹೊರಗೆ ನಡೆಯುವಷ್ಟು ಧೈರ್ಯ ಈ ಸೀಮೆಯಲ್ಲಿ ಇನ್ನೂ ಯಾರಿಗೂ ಹುಟ್ಟಿಲ್ಲ. ನಿಂತೆ. ಭಟ್ಟರು ಮುಗಿಸಿದರೆ ಮದುಮಗಳ ಸೋದರತ್ತೆ ಮೈಕು ತೆಗೆದುಕೊಂಡಳು. ಆಕೆ ಮುಗಿಸಿದರೆ ಮದುಮಗನ ಚಿಕ್ಕಮ್ಮ. ಆಕೆ ಸ್ವತಃ ರಚಿಸಿಕೊಂಡು ಬಂದಿದ್ದಳು. ಅದರಲ್ಲಿ ಎರಡೂ ಕಡೆಯ ಬೀಗರ ಹೆಸರೆಲ್ಲ ಬರಬೇಕಾಗಿತ್ತು! ಪ್ರತಿ ಪದ್ಯದ ಕೊನೆಗೂ ಎಲ್ಲರೂ ಸೇರಿ 'ಸಾವಧಾನ' ಎಂದು ನನ್ನನ್ನು ಎಚ್ಚರಿಸುತ್ತಲೇ ಇದ್ದರು.

ಕೊನೆಗೆ ವಾದ್ಯ ಮೊಳಗಿತು. ಅಕ್ಷತೆ ಎಸೆದು, ಆರೋಹಿಯ ಕೈ ಹಿಡಿದು, ಬಾಗಿಲ ಕಡೆ ಜಿಗಿದೆ. ಬಾಗಿಲಲ್ಲಿ ಕೋವಾಡದ ಚನ್ನಪ್ಪಣ್ಣ ನಿಂತಿದ್ದರು. ನಮ್ಮ ಹಳೆಯ ಗಿರಾಕಿ. ಮದುಮಗಳ ತಂದೆ!

"ಅಣ್ಣಾರ! ಬಂದ್ರಿ!" ಎಂದು ತಬ್ಬಿಕೊಂಡರು. ಕಣ್ಣಲ್ಲಿ ನೀರು. "ಪತ್ರಿಕಾ ಕೊಡಾಕ ಬಂದಾಗ ನೀವು ಅಂಗಡಿ ಬಿಟ್ಟ ಬರಂಗಿಲ್ಲ, ನಾ ಒಬ್ಬಾಕಿನ ಬರ್ತೇನಿ ಅಂದಿದ್ರು ಅಕ್ಕಾರು. ಎಲ್ಲೆದಾರ ಅವರು?"

ಹಸಿರು ಸೀರೆ! ಈ ಮದುವೆಗಾಗಿ ಇಸ್ತ್ರಿಯಾದ ಸೀರೆ ಟ್ರಂಕಿನಲ್ಲಿ, ಸೀರೆಯ ಒಡತಿ ಒಲೆಯ ಮುಂದೆ, ನಾನು ಇಲ್ಲಿ!

"ಹಿಂದ ಬರಾಕತ್ತಾಳ್ರಿ" ಎಂದೆ. ನಾಲಿಗೆಗೆ ಎಲುಬಿಲ್ಲ.

"ಹಂಗಾರ ಬರ್ರಿ, ಫೇಟಾ ಕಟಗೋರಿ ಮೊದಲ."

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಉಂಡಿಲ್ಲವೆಂದರೆ ಒಂದು ತಿಂಗಳು ಸಿಟ್ಟು ಇರುತ್ತದೆ. ಮಾನದ ಫೇಟಾ ಬೇಡವೆಂದರೆ ಮೂರು ತಲೆಮಾರು ಇರುತ್ತದೆ. ಕುರ್ಚಿಯಲ್ಲಿ ಕುಳಿತೆ. ಫೇಟಾ ಕಟ್ಟುವವನು ಕೊಲ್ಹಾಪುರದ ಕಲಾವಿದ. ಗುಲಾಬಿ ಬಣ್ಣದ, ಬೀದಿಯುದ್ದದ ಬಟ್ಟೆಯ ಒಂದು ತುದಿಯನ್ನು ನನ್ನ ಹಲ್ಲಿಗೆ ಕಚ್ಚಿಸಿ, ಇನ್ನೊಂದು ತುದಿ ಹಿಡಿದು ದೂರ ನಿಂತ. ತಲೆ ಅಲ್ಲಾಡಿಸುವಂತಿಲ್ಲ. ಬಾಯಿ ತೆರೆಯುವಂತಿಲ್ಲ.

"ಅಜ್ಜಾ, ಟೈಮ್ ಆಗಾಕತ್ತೈತಿ!" ಆರೋಹಿಯ ದನಿ ಅಳುವಿಗೆ ಬಂದಿತ್ತು.

"ಹೂಂ" ಎಂದೆ.

ಚನ್ನಪ್ಪಣ್ಣನ ಹೆಂಡತಿ ಬಂದು, "ಕೂಸು ಹಸದೈತಿ, ಬಾರವ್ವಾ" ಎಂದು ಅವಳನ್ನು ಪಂಗತಿಗೆ ಕರೆದುಕೊಂಡು ಹೋದರು. ಸುತ್ತು ಮುಗಿಯಿತು. ಕಲಾವಿದ ದೂರ ನಿಂತು ನೋಡಿ, ತುರಾಯಿ ಸೊಟ್ಟಗಾಗಿದೆ ಎಂದು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದ! ಎರಡನೇ ಸುತ್ತಿನ ನಡುವೆ ಬೆನ್ನ ಹಿಂದೆ, "ಅಜ್ಜಾ, ಉಂಡ ಆತು. ನಾ ಹೋಗ್ಲಿ?" ಎಂದು ಕೇಳಿಸಿತು. ಕೈ ತೊಳೆಯಲು ಕೇಳುತ್ತಿದ್ದಾಳೆಂದು ತಿಳಿದು, "ಹೂಂ" ಎಂದೆ. ಆಮೇಲೆ ಕೈಗೊಂದು ತೆಂಗಿನಕಾಯಿ, ಹೆಗಲಿಗೊಂದು ಶಾಲು, ಫೋಟೊ.

ಫೋಟೊದವನು ಬಿಟ್ಟ ಮೇಲೆ ತಿರುಗಿ ನೋಡುತ್ತೇನೆ, ಹುಡುಗಿ ಇಲ್ಲ!

ಪಂಗತಿಯಲ್ಲಿ ಇಲ್ಲ. ನಳದ ಹತ್ತಿರ ಇಲ್ಲ. ಸ್ನೇಹಾಳಿಗೆ ಏನು ಹೇಳಲಿ? ಮದುಮಗಳ ಕೋಣೆಗೆ ನುಗ್ಗಿದೆ. ಒಳಗಿದ್ದ ಹೆಂಗಸರು ಚೀರಿದ ರೀತಿಗೆ ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು! ಕೊನೆಗೆ ಅಡುಗೆಮನೆಯಲ್ಲಿ ಜಿಲೇಬಿ ಕರಿಯುತ್ತಿದ್ದವನು ಹಿಂಬಾಗಿಲು ತೋರಿಸಿದ. "ಸಾಲಿ ಹುಡುಗೀನ್ರಿ? ಗಂಟಿ ಆಗ್ತೈತಿ ಅಂತ ಓಡಕೋತ ಹೋತಲ್ರಿ ಆ ಓಣ್ಯಾಗ. ಭಾಳ ಚುರುಕ ಓಡತೈತ್ರಿ!"

ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ತಲೆಯ ಮೇಲಿನ ಫೇಟಾ ಹಿಡಿದು ನಾನೂ ಓಡಿದೆ. ಬಾಲ್ಯದಲ್ಲಿ ಬಿದ್ದ ಜಾಗ ಹುಣಸೆಮರದ ಕೆಳಗೆ ಹಾಗೇ ಇತ್ತು. ಮತ್ತೊಮ್ಮೆ ಬಿದ್ದೆ. ಕಾಯಿ ಒಡೆಯಿತು. ಶಕುನ ಒಳ್ಳೆಯದೆಂದು ಎದ್ದು ಮತ್ತೆ ಓಡಿದೆ.

ಗೇಟಿನಲ್ಲಿ ಅದೇ ವಾಚ್‌ಮನ್. ನನ್ನ ಫೇಟಾದಿಂದ ಚಪ್ಪಲಿಯವರೆಗೆ ನೋಡಿ ಅದೇ ಪ್ರಶ್ನೆ ಕೇಳಿದ. "ಪಾಸ್?"

ಸರಳುಗಳ ಸಂದಿಯಿಂದ ಮೈದಾನ ನೋಡಿದೆ. ಲೇಝಿಮ್ ಝಲ್ ಝಲ್ ಎನ್ನುತ್ತಿತ್ತು. ಮೊದಲ ಸಾಲಿನ ಬಲತುದಿಯಲ್ಲಿ, ಗೇಟಿಗೆ ಹತ್ತಿರವೇ, ಗಲ್ಲಕ್ಕೆ ಜಿಲೇಬಿಯ ಪಾಕ ಮೆತ್ತಿಕೊಂಡು, ನನ್ನ ಆರೋಹಿ! ಮ್ಯಾಡಮ್ ಅವಳ ಬೆನ್ನು ತಟ್ಟಿ ಹೆಸರು ಬರೆದುಕೊಂಡರು. ನನ್ನ ಕಣ್ಣು ತುಂಬಿ ಬಂತು. ನಮ್ಮ ಮನೆತನದ ಓಟ ಅವಳ ಕಾಲಿಗೆ ಬಂದಿತ್ತು. ಸಂತೋಷ ತಡೆಯಲಾರದೆ ಒಡೆದ ಕಾಯಿ ಎತ್ತಿ ಬೀಸಿದೆ.

ಅವಳ ಪಕ್ಕದ ಹುಡುಗಿ ನನ್ನನ್ನು ನೋಡಿ, ನಿನ್ನ ಅಜ್ಜನಾ ಎನ್ನುವಂತೆ, "ತುಝೆ ಆಜೋಬಾ ಕಾ ಗ?" ಎಂದು ಕೇಳಿದಳು.

"ನಾಹೀ!" ಎಂದಳು ಆರೋಹಿ. ಅಷ್ಟು ಶುದ್ಧವಾದ ಮರಾಠಿ ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಆಗ ನೆನಪಾಯಿತು, ನಾನು ಉಂಡಿಲ್ಲ. ಫೇಟಾ ಕಟ್ಟಿಸಿಕೊಳ್ಳುವುದರಲ್ಲಿ ಪಂಗತಿ ತಪ್ಪಿಸಿಕೊಂಡಿದ್ದೆ. ಮನೆ ಮುಟ್ಟಿದಾಗ ಶಾರದಾ ಒಲೆಯ ಮುಂದೆ ಕುಳಿತಿದ್ದಳು. ಬುಟ್ಟಿಯಲ್ಲಿ ರೊಟ್ಟಿಗಳ ರಾಶಿ. ಅವಳು ಮೊದಲು ಫೇಟಾ ನೋಡಿದಳು. ಆಮೇಲೆ ಶಾಲು. ಆಮೇಲೆ ಕಾಯಿ.

"ಮದುವಿ ಚಂದಾತೇನ್ರಿ?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಫೇಟಾ ಭಾಳ ಚಂದ ಕುಂತೈತಿ. ನನ್ನ ಪಾಲಿನ ಅಕ್ಷತಿ ಹಾಕಿದ್ರಿಲ್ಲ?"

"ಅದು ಏನಾತಂದ್ರ, ಗಾಣದ ಓಣಿ..."

"ಆ ಓಣಿ ಕತಿ ಭಾಳ ಸಲ ಕೇಳೇನಿ. ಓಡಿ ಬಂದ ಉಂಡವರ ಕತಿನ ಹೇಳ್ತೀರಿ ಯಾವಾಗ್ಲೂ. ಒಲಿ ಮುಂದ ಕುಂತ ಕಾದವರದು ಒಂದ ದಿವಸ ಹೇಳ್ರಿ. ಸೊಸಿ, ಮೊಮ್ಮಗಳು ಮುಂಜಾನೆ ಡಬ್ಬಿ ಕಟಗೊಂಡ ಹೋಗ್ತಾರ. ಈ ಮನ್ಯಾಗ ಇನ್ನೂ ಮಧ್ಯಾಹ್ನದ ಸುಟ್ಟಿಗೆ ಊಟಕ್ಕ ಓಡಿ ಬರೂ ಹುಡುಗ ಒಬ್ಬನ ಉಳದಾನ. ಅಂವಗೂ ಅರವತ್ತ ದಾಟ್ಯಾವ!"

ನಾನು ಫೇಟಾ ತೆಗೆದು ರೊಟ್ಟಿಯ ಬುಟ್ಟಿಯ ಪಕ್ಕ ಇಟ್ಟೆ. ಶಾರದಾ ಎದ್ದು ಟ್ರಂಕು ತೆಗೆದು, ಹಸಿರು ಸೀರೆ ಉಟ್ಟು, "ಮುಯ್ಯಿ ಮಾಡಿ ಬರ್ತೇನಿ. ಹೆಣ್ಣ ಕಳಸೂದ್ರಾಗ ಮುಟ್ಟತೇನಿ" ಎಂದು ಹೊರಟೇಬಿಟ್ಟಳು. ಮುಖ್ಯ ರಸ್ತೆಯಿಂದ. ರಿಕ್ಷಾದಲ್ಲಿ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟಾಗ ಹೊಸ್ತಿಲಲ್ಲಿ ಎರಡರ ಬದಲು ಮೂರು ಡಬ್ಬಿಗಳಿದ್ದವು. ಸ್ನೇಹಾಳದು ಸ್ಟೀಲು. ಆರೋಹಿಯದು ಗುಲಾಬಿ. ಇನ್ನೊಂದು ನೀಲಿ. ಮುಚ್ಚಳದ ಮೇಲೆ ಮೊಲದ ಚಿತ್ರ, ಕೆಳಗೆ ಅವಳದೇ ಅಕ್ಷರದಲ್ಲಿ 'ಆಜೋಬಾ'. ಶಾಲೆಯಲ್ಲಿ ನಿರಾಕರಿಸಿದ ಸಂಬಂಧವನ್ನು ಡಬ್ಬಿಯ ಮೇಲೆ ಒಪ್ಪಿಕೊಂಡಿದ್ದಳು. ಒಂದಕ್ಕೆ ಅಂಗಡಿಯಲ್ಲಿ ಕುಳಿತು ಅದನ್ನು ತೆರೆದೆ. ರೊಟ್ಟಿ. ತಣ್ಣಗಿನ, ಬುಟ್ಟಿಯಲ್ಲಿ ವಿಶ್ರಾಂತಿ ಪಡೆದ ರೊಟ್ಟಿ. ಒಂದು ತುತ್ತು ಮುರಿದರೆ ಒಬ್ಬ ಗಿರಾಕಿ, ಇನ್ನೊಂದು ಮುರಿದರೆ ಫೋನು.

ಸಂಜೆ ಆರೋಹಿ ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಮೋರಿಯ ಹತ್ತಿರ ಕುಳಿತು ಮುಚ್ಚಳ ತೆಗೆದಳು. ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಅರ್ಧಾ ಹಂಗ ಐತಲ್ಲ ಅಜ್ಜಾ! ಯಾಕ ಉಂಡಿಲ್ಲ?"

ನಾನು ನೆಲ ನೋಡಿದೆ.

"ಟೈಮ್ ಪುರಲಿಲ್ಲವ್ವಾ."