ಇಂಜಿನ್ ಮುಚ್ಚಳದ ಮೇಲೆ ಗುಮಾನಿ

ಯಾರಾದರೂ ‘ಬೇಡ’ ಎಂದರೆ ಅದರ ಹಿಂದೆ ಏನೋ ಮಸಲತ್ತು ಇದೆ ಎಂದೇ ಟಿ.ಸಿ. ಸಾಹೇಬರ ನಂಬಿಕೆ. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಜೀವ. ‘ಬಾಗಿಲು ತೆಗೀಬೇಡಿ ಸಾರ್, ಒಳಗೆ ಹುಷಾರಿಲ್ಲದವರಿದ್ದಾರೆ’ ಎಂದ ಕಡೆಯಲ್ಲೆಲ್ಲ ಬಾಗಿಲು ತೆಗೆಸಿ, ಟಿಕೆಟ್ಟಿಲ್ಲದ ಆರೋಗ್ಯವಂತರನ್ನು ಹಿಡಿದವರು. ನಿವೃತ್ತಿಯ ಮೇಲೆ ಹಿಡಿಯಲು ಮನೆಯವರೇ ಉಳಿದಿದ್ದರು. (ಹಾಲಿನ ಪ್ಯಾಕೆಟ್ಟಿನ ದಿನಾಂಕವನ್ನು ಅವರು ಓದುವ ರೀತಿಗೆ ಹೆದರಿ ಹಾಲೇ ಒಡೆದದ್ದುಂಟು.)

ಹೀಗಿರುವಾಗ ಮಾವನವರು ತಮ್ಮ ಹಳೆಯ ಕಾರನ್ನು ಎಳೆಸಿ ತಂದು ಇವರ ಶೆಡ್ಡಿನಲ್ಲಿ ನಿಲ್ಲಿಸಿದರು. ಭಾನುವಾರ ತಾವು ನೋಡಲು ಬರುವಾಗ ಕಾರು ಓಡಬೇಕು, ಇಂಜಿನ್ನಿನ ಅಲ್ಯೂಮಿನಿಯಂ ಭಾಗಗಳು ಹೊಸದರಂತೆ ಹೊಳೆಯಬೇಕು. ಹಾಗಾದರೆ ಕಾರು ಹಿರಿಯಳಿಯನಿಗೆ, ಇಲ್ಲವಾದರೆ ಕಿರಿಯಳಿಯನಿಗೆ. ಕಿರಿಯಳಿಯನೆಂದರೆ ಸಾಹೇಬರ ಷಡ್ಡಕ, ಸದಾ ನಗುವ ಮನುಷ್ಯ. ಕಾರಣವಿಲ್ಲದೆ ನಗುವವರನ್ನು ಸಾಹೇಬರು ಯಾವ ಬೋಗಿಯಲ್ಲೂ ನಂಬಿದವರಲ್ಲ.

ಮೆಕ್ಯಾನಿಕ್ ಬಂದು ಇಂಜಿನ್ನಿನ ಮೇಲಿನ ದೊಡ್ಡ ಮುಚ್ಚಳವನ್ನೂ ಕಾರ್ಬ್ಯುರೇಟರನ್ನೂ ಇನ್ನೂ ನಾಲ್ಕಾರು ಭಾಗಗಳನ್ನೂ ಬಿಚ್ಚಿ ಹಳೆಯ ಪೇಪರಿನ ಮೇಲಿಟ್ಟ. ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ, ಹಲ್ಲುಜ್ಜಿ ಬಿಸಾಡಿದ ಬ್ರಷ್ಷಿನಲ್ಲಿ ತಿಕ್ಕಿದರೆ ಸಾಕೆಂದ. ಗೇಟಿನ ತನಕ ಹೋದವನು ತಿರುಗಿ ನಿಂತ.

“ತಡ ಆದ್ರೂ ಪರವಾಗಿಲ್ಲ ಸಾರ್, ಕೈಯಲ್ಲೇ ಉಜ್ಜಿ. ವಾಷಿಂಗ್ ಸೋಡಾ ಮಾತ್ರ ಬೇಡ.”

ಸಾಹೇಬರ ಕಿವಿ ನೆಟ್ಟಗಾಯಿತು. ಲೋಕದ ಕೊಳೆಯನ್ನೆಲ್ಲ ತೆಗೆಯುವ ಸೋಡಾ ಇದಕ್ಕೆ ಮಾತ್ರ ಯಾಕೆ ಬೇಡ? ಬ್ರಷ್ಷು ಹಿಡಿದು ಕೂತರೆ ಭಾನುವಾರ ಮುಗಿದರೂ ಕೆಲಸ ಮುಗಿಯದು. ಕಾರು ಸೀದಾ ಷಡ್ಡಕನ ಮನೆಗೆ. ಮೆಕ್ಯಾನಿಕ್ಕಿನ ಗ್ಯಾರೇಜೂ ಷಡ್ಡಕನ ಆಫೀಸೂ ಒಂದೇ ಬೀದಿಯಲ್ಲಿದ್ದವು. (ಆ ಬೀದಿಯಲ್ಲಿ ಇನ್ನೂ ನಾನೂರು ಅಂಗಡಿಗಳಿದ್ದವೆಂಬುದು ಬೇರೆ ಮಾತು.)

ಹೆಂಡತಿಯನ್ನು ಸುತ್ತಿ ಬಳಸಿ ವಿಚಾರಿಸಿದರು.

“ಸೋಡಾದಲ್ಲಿ ಕುದಿಸಿದ್ರೆ ಅಲ್ಯೂಮಿನಿಯಂ ಕಪ್ಪಾಗುತ್ತೆ ರೀ. ನನ್ನ ಹಳೇ ಕುಕ್ಕರು ಹಾಳಾಗಿದ್ದೇ ಹಾಗೆ,” ಎಂದಳಾಕೆ.

ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಮೊದಲೇ ಮಾತಾಡಿಕೊಂಡಿದ್ದಾರೆಂದೇ ಅರ್ಥ. ಅಲ್ಲದೆ ಆಕೆ ದಿನಾ ಮುಕ್ಕಾಲು ಗಂಟೆ ಫೋನಿನಲ್ಲಿ ಹರಟುವುದು ತಂಗಿಯ ಜತೆ. ತಂಗಿ ಆ ಷಡ್ಡಕನ ಹೆಂಡತಿ. ಜಾಲ ಮನೆಯೊಳಗೂ ಹಬ್ಬಿದೆಯೆಂದು ಸಾಹೇಬರಿಗೆ ಖಾತ್ರಿಯಾಯಿತು. ಆಕೆ ಸಣ್ಣ ಭಾಗಗಳನ್ನು ತಾನೇ ತಿಕ್ಕುತ್ತೇನೆಂದು ಹಿತ್ತಿಲಿಗೆ ಒಯ್ದಾಗ, ಎಷ್ಟು ಒಯ್ದಳೆಂದು ಎಣಿಸಿಕೊಂಡರು.

ಶನಿವಾರ ಆಕೆ ಮಾರ್ಕೆಟ್ಟಿಗೆ ಹೋದ ಸಮಯ ನೋಡಿ, ಮನೆಯ ಅತಿ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಒಂದು ಪ್ಯಾಕೆಟ್ ಸೋಡಾ ಸುರಿದು, ದೊಡ್ಡ ಮುಚ್ಚಳವನ್ನು ಮುಳುಗಿಸಿದರು. ನೀರು ಬುಸುಗುಟ್ಟಿತು. ಅರ್ಧ ಗಂಟೆ ಬಿಟ್ಟು ಎತ್ತಿದರೆ, ಕೊಳೆ ಕಳೆಯಲು ಹೋಗಿ ಕಳೆಯೇ ಕಳೆದಿತ್ತು. ಅಂಥ ಕಪ್ಪನ್ನು ಅವರು ರೈಲು ಸುರಂಗಗಳಲ್ಲೂ ಕಂಡಿರಲಿಲ್ಲ.

ಬೇರೆಯವರಾಗಿದ್ದರೆ ತಪ್ಪಾಯಿತೆಂದು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಸಾಹೇಬರ ತಲೆಯೊಳಗೆ ದೀಪ ಹೊತ್ತಿತು. ಅಸಲಿ ಮಾಲು ಕಪ್ಪಾಗುವುದುಂಟೇ? ಮೆಕ್ಯಾನಿಕ್ ಅಸಲಿ ಮುಚ್ಚಳ ಹಾರಿಸಿ ನಕಲಿ ಇಟ್ಟಿದ್ದಾನೆ. ಸೋಡಾ ತಾಗಿದರೆ ಬಣ್ಣ ಬಯಲಾಗುತ್ತದೆಂದೇ ಬೇಡ ಎಂದದ್ದು!

ಭಾನುವಾರ ಮಾವನವರು ಕೋಲೂರಿಕೊಂಡು ಬಂದರು. ಷಡ್ಡಕ ನಗುತ್ತಾ ಬಂದ. ಮೆಕ್ಯಾನಿಕ್ ಸ್ಪ್ಯಾನರುಗಳ ಚೀಲ ಹಿಡಿದು ಬಂದ. ಹೆಂಡತಿ ತಿಕ್ಕಿದ ಸಣ್ಣ ಭಾಗಗಳೆಲ್ಲ ಮೇಜಿನ ಮೇಲೆ ಮಿರಮಿರ ಹೊಳೆಯುತ್ತಿದ್ದವು. ನಡುವೆ ಕರಿ ಮುಚ್ಚಳವನ್ನಿಟ್ಟು ಸಾಹೇಬರು ಮೆಕ್ಯಾನಿಕ್ಕಿನ ಮೇಲೆ ಆರೋಪಪಟ್ಟಿ ಓದಿದರು. ಸೋಡಾದಲ್ಲಿ ಕುದಿಸಿದ್ದನ್ನೂ ಮುಚ್ಚಿಡಲಿಲ್ಲ. ಅದನ್ನು ವೈಜ್ಞಾನಿಕ ಪರೀಕ್ಷೆ ಎಂದು ಕರೆದರು.

ಮೆಕ್ಯಾನಿಕ್ ಸಿಟ್ಟಾಗಲಿಲ್ಲ. “ಹಾಗಾದ್ರೆ ಅಸಲಿ ಅಲ್ಯೂಮಿನಿಯಂ ಸೋಡಾದಲ್ಲಿ ಕಪ್ಪಾಗಲ್ಲ ಅಂತೀರಾ ಸಾರ್?”

“ಆಗೋದೇ ಇಲ್ಲ.”

ಮಾವನವರು ಕುರ್ಚಿಯಲ್ಲಿ ಕೂತು ತಮ್ಮ ಕೋಲನ್ನು ಮುಂದೆ ಚಾಚಿದರು. “ಹನ್ನೆರಡು ವರ್ಷದಿಂದ ನನ್ನ ಕೈ ಬಿಟ್ಟಿಲ್ಲ ಇದು. ಅಪ್ಪಟ ಅಲ್ಯೂಮಿನಿಯಂ. ಅದ್ದಿ ನೋಡಿ ಅಳಿಯಂದ್ರೇ.”

“ಬೇಡ ಅಪ್ಪಾ,” ಎಂದಳು ಸಾಹೇಬರ ಹೆಂಡತಿ.

ಆ ಮಾತು ಕಿವಿಗೆ ಬಿದ್ದ ಮೇಲೆ ಸಾಹೇಬರನ್ನು ತಡೆಯುವವರುಂಟೇ? ಒಲೆ ಹೊತ್ತಿತು, ಸೋಡಾ ಬಿತ್ತು, ಕೋಲು ಪಾತ್ರೆಯಲ್ಲಿ ನಿಂತಿತು. ಇಪ್ಪತ್ತು ನಿಮಿಷ ಎಲ್ಲರ ಕಣ್ಣೂ ಪಾತ್ರೆಯ ಮೇಲೆ. ಷಡ್ಡಕ ಕೂಡ ನಗು ನಿಲ್ಲಿಸಿದ. ಹೊರಬಂದ ಕೋಲಿನ ಮೇಲ್ಭಾಗ ಬೆಳ್ಳಿ, ಕೆಳಭಾಗ ಇದ್ದಿಲು.

ಮಾವನವರು ಕೋಲನ್ನೂ ಅಳಿಯನನ್ನೂ ಬಹಳ ಹೊತ್ತು ನೋಡಿದರು. ಮೆಕ್ಯಾನಿಕ್ ಆಮೇಲೆ ಪಾಲಿಷ್ ಹಾಕಿ ಸರಿಮಾಡೋಣವೆಂದು ಕರಿ ಮುಚ್ಚಳವನ್ನೇ ಕೂರಿಸಿ ಕೀಲಿ ತಿರುಗಿಸಿದ. ಕಾರು ಒಂದೆರಡು ಸಲ ಕೆಮ್ಮಿ ಎದ್ದಿತು. ಮಾವನವರು ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟರು.

“ಉಜ್ಜಿದವಳು ನೀನು. ಕಾರು ನಿಂದೇ.” ಆಮೇಲೆ ಹಿರಿಯಳಿಯನ ಕಡೆ ತಿರುಗಿದರು. “ನಾವು ಒಂದು ಸುತ್ತು ಹೋಗಿ ಬರ್ತೀವಿ. ಅಷ್ಟರಲ್ಲಿ ನನ್ನ ಕೋಲು ಮೊದಲಿನ ಹಾಗಾಗಿರಲಿ.”

ಮಗಳು ಸ್ಟಿಯರಿಂಗ್ ಹಿಡಿದಳು, ಪಕ್ಕದಲ್ಲಿ ಅಪ್ಪ, ಹಿಂದೆ ಷಡ್ಡಕನೂ ಮೆಕ್ಯಾನಿಕ್ಕೂ. ಕಾರು ಗೇಟು ದಾಟಿತು.

ಸಾಹೇಬರು ಮೆಟ್ಟಿಲ ಮೇಲೆ ಕೂತು, ಸೋಪಿನ ನೀರು, ಹಳೆಯ ಬ್ರಷ್ಷು ಹಿಡಿದು ತಿಕ್ಕಿದರು. ತೋಳು ಸೋತಿತು, ಕಪ್ಪು ಸೋಲಲಿಲ್ಲ. ತಿಕ್ಕುತ್ತಾ ತಿಕ್ಕುತ್ತಾ ಅವರ ಕಣ್ಣು ಕಿರಿದಾಯಿತು. ಹನ್ನೆರಡು ವರ್ಷ ಕೈಬಿಡದ ಕೋಲನ್ನು ಮಾವ ಇಷ್ಟು ಸಲೀಸಾಗಿ ಬಿಟ್ಟುಹೋದರೆಂದರೆ, ಅಸಲಿ ಕೋಲು ಮನೆಯಲ್ಲೇ ಇರಬೇಕು.