ಲಿನಕ್ಸ್ ಕೌದಿ

ವಿದ್ಯಾಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ನೌಕರಿ. ಬಿಡುವಿನಲ್ಲಿ, ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆಯಾದ ಲಿನಕ್ಸಿನ ಒಂದು ಬಳಗಕ್ಕಾಗಿ ಪ್ಯಾಕೇಜ್ ಕಟ್ಟುತ್ತೇನೆ. ಯಾರೋ ಬರೆದ ಪ್ರೋಗ್ರಾಮಿಗೆ ನಂಬರು ಹಚ್ಚಿ, ಎಲ್ಲರ ಮಷೀನಿಗೂ ಹೊಂದುವಂತೆ ಗಂಟು ಕಟ್ಟಿ ಕಳಿಸುವುದು. ಇದಕ್ಕೆ ಪಗಾರಿಲ್ಲ, ಫಜೀತಿಗೆ ಮಾತ್ರ ಎಂದೂ ಬರವಿಲ್ಲ.

ಒಂಬತ್ತರ ಮುಂದೆ

ಲ್ಯಾಬಿನ ಒಂದು ಪ್ರೋಗ್ರಾಮನ್ನು 1.9ರಿಂದ 1.10ಕ್ಕೆ ಏರಿಸಿದೆ. ಮರುದಿನವೇ ಗಣಿತದ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. 1.10 ಅಂದರೆ 1.1 ತಾನೆ, ಹೊಸದು ತೆಗೆದು ಹಳೆಯದು ಹಾಕಿದ್ದೀರಿ ಎಂಬುದು ಅವರ ತಕರಾರು. ಇಲ್ಲಿ ಚುಕ್ಕಿಯ ಆಚೆ ಈಚೆ ಎರಡು ಬೇರೆ ಬೇರೆ ಅಂಕಿ, ನಮ್ಮೂರ ನವನಗರದಲ್ಲಿ ಸೆಕ್ಟರ್ ನಂಬರು, ಮನೆ ನಂಬರು ಇದ್ದ ಹಾಗೆ, ಒಂಬತ್ತನೇ ಮನೆ ದಾಟಿದರೆ ಹತ್ತನೆಯದು ಎಂದೆ. ಅವರ ಮುಖ ಸಣ್ಣದಾಯಿತು.

"ಪರೀಕ್ಷಾದಾಗ ಒಬ್ಬ ಹುಡುಗ 1.9 ಆದ ಮ್ಯಾಲ 1.10 ಅಂತ ಬರದಿದ್ದ್ರಿ. ನಾ ಸೊನ್ನಿ ಕೊಟ್ಟೇನಿ. ಈಗ ಅಂವಗ ಏನ್ ಹೇಳ್ಲಿ?"

"ನಮ್ಮ ಲ್ಯಾಬಿಗೆ ಕಳಸ್ರಿ," ಎಂದೆ.

ರೆಡಿ ಮುಂದಿನ ಬಾಲ

ಇಳಕಲ್ಲಿನ ನೇಕಾರರೊಬ್ಬರು ಸೀರೆಯ ದಡಿಯಂಚಿನ ಚಿತ್ತಾರ ಬಿಡಿಸಲು ನಾನು ಕಟ್ಟಿದ ಪ್ಯಾಕೇಜೊಂದನ್ನು ಬಳಸುತ್ತಾರೆ. ಪರೀಕ್ಷೆಗೆಂದು ಕಳಿಸಿದ ಆವೃತ್ತಿಯಲ್ಲಿ 2.0ರ ಮುಂದೆ ಬಾಲದ ಹಾಗೆ ಅಲೆಯಂಥ ಗೆರೆ (~) ಕಂಡು, ಇದೇನೆಂದು ಫೋನಿನಲ್ಲಿ ಕೇಳಿದರು. ಖರೆ 2.0 ಇನ್ನೂ ಬಂದಿಲ್ಲ, ಬರುವುದಿದೆ ಎಂದು ಅದರ ಅರ್ಥ ಅಂದೆ. ಅವರಿಗೆ ಭಾಳ ಸೇರಿತು.

ತಂಗಿಯ ಲಗ್ನಕ್ಕೆಂದು ಅವರ ಹತ್ತಿರವೇ ಒಂದು ಸೀರೆ ನೇಯಲು ಹೇಳಿದ್ದೆ. "ಸೀರಿ ರೆಡಿ" ಎಂದು ಮೆಸೇಜು ಬಂತು. ರಜೆ ಹಾಕಿ, ಹುನಗುಂದದಲ್ಲಿ ಬಸ್ಸು ಬದಲಿಸಿ ಹೋದರೆ ಮಗ್ಗದ ಮೇಲೆ ಒಂದೆಳೆ ನೂಲೂ ಇಲ್ಲ. ಅವರು ನನ್ನದೇ ಫೋನು ಇಸಿದುಕೊಂಡು ಮೆಸೇಜಿನ ತುದಿಗಿದ್ದ ಸಣ್ಣ ಅಲೆಗೆರೆ ತೋರಿಸಿದರು.

"ರೆಡಿ ಮುಂದ ಬಾಲ ಹಾಕೀನಲ್ರಿ ಮೇಡಮ್. ನೀವ ಕಲಿಸಿದ್ದು."

ಕೌದಿ 3.0

ಪ್ಯಾಕೇಜಿನ ಮೂಲ ಪ್ರತಿ ಇಡುವುದಕ್ಕೂ ಒಂದು ರೀತಿಯಿದೆ. ಬರೆದವರ ಪ್ರೋಗ್ರಾಮು ಇದ್ದ ಹಾಗೇ ಇರಬೇಕು, ನಮ್ಮ ತಿದ್ದುಪಡಿಗಳು ಹರಿದ ಬಟ್ಟೆಗೆ ಹಚ್ಚುವ ತ್ಯಾಪಿಯ ಹಾಗೆ ಮೇಲೆ ಒಂದೊಂದಾಗಿ ಕೂಡಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಕ್ವಿಲ್ಟ್ 3.0 ಎನ್ನುತ್ತಾರೆ; ಕ್ವಿಲ್ಟ್ ಅಂದರೆ ಹಳೆ ಬಟ್ಟೆ ಕೂಡಿಸಿ ಹೊಲಿದ ಹೊದಿಕೆ, ನಮ್ಮ ಕೌದಿ. ವಾರ್ಷಿಕ ವರದಿ ಕನ್ನಡದಲ್ಲೇ ಇರಬೇಕೆಂದು ಆದೇಶ ಬಂದದ್ದರಿಂದ, "ಲ್ಯಾಬಿನ ಪ್ಯಾಕೇಜ್ ಸ್ವರೂಪ: ಕೌದಿ 3.0" ಎಂದು ಬರೆದೆ. ಸ್ಟೋರಿನ ಗುಮಾಸ್ತರು ಅದನ್ನು ಸಾಮಾನಿನ ರಜಿಸ್ಟರಿಗೆ ಇಳಿಸಿಕೊಂಡರು.

ತಪಾಸಣೆಗೆ ಬಂದ ಸಾಹೇಬರು ಕುರ್ಚಿ, ಫ್ಯಾನು ಎಣಿಸಿ, ಕೌದಿ ಎಲ್ಲಿ ಎಂದರು. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ತಾಸು ತಿಳಿಸಿದೆ. ಅವರು ಶಾಂತವಾಗಿ ಕೇಳಿದರು.

"ಎಲ್ಲಾ ತಿಳೀತ್ರಿ. ಈಗ ಕೌದಿ ತೋರಸ್ರಿ. ಇಲ್ಲಾಂದ್ರ ಲ್ಯಾಬಿನ ಮಂಜೂರಿ ತಡೀತೇನಿ."

ಪ್ರಿನ್ಸಿಪಾಲರು ಓಡಿ ಬಂದರು. ಎಷ್ಟು ಕೌದಿ ಬೇಕೆಂದು ಗುಮಾಸ್ತರನ್ನು ಕೇಳಿದರು. "3.0 ಅಂತ ಐತ್ರಿ. ಮೂರು ಕೌದಿ, ತೂತು ಸೊನ್ನಿ," ಎಂದರು ಗುಮಾಸ್ತರು. ಕಾಲೇಜಿನ ಹಿಂಬದಿಯ ಕ್ವಾರ್ಟರ್ಸಿನಿಂದ ಪ್ರಿನ್ಸಿಪಾಲರ ಹೆಂಡತಿ, ಕೆರೂರಿನ ತವರಿನಿಂದ ತಂದ ಮೂರು ಕೌದಿಗಳನ್ನು ತಾವೇ ಹೊತ್ತು ತಂದು ಕಂಪ್ಯೂಟರುಗಳ ಮೇಲೆ ಹಾಸಿದರು.

ಸಾಹೇಬರು ಕನ್ನಡಕ ಏರಿಸಿ ಒಂದೊಂದೇ ಹೊಲಿಗೆ ತಡವಿದರು. "ಮೂಲ ಬಟ್ಟಿ ಹಂಗ ಐತಿ. ತ್ಯಾಪಿ ಎಲ್ಲಾ ಮ್ಯಾಲ ಕುಂತಾವ. ಬರೋಬ್ಬರಿ," ಎಂದು ಸಹಿ ಮಾಡಿದರು. ಬಾಗಿಲ ತನಕ ಹೋದವರು ತಿರುಗಿ ನನ್ನನ್ನು ಕರೆದರು.

"ಮುಂದಿನ ವರ್ಷ 4.0 ಮಾಡಿಡ್ರಿ ಮೇಡಮ್. ನಾವು ನಾಲ್ಕು ಮಂದಿ ಬರ್ತೇವಿ, ವಸ್ತಿ ಇರ್ತೇವಿ."